ಒಂದು ಚದರ ಇಂಚಿಗೆ ಹತ್ತು ಎಕರೆ

ಹಳೆಯ ನಕ್ಷೆ ಎಂದೊಡನೆ ಬಹಳ ಜನ ಸರ್ವೇ ಆಫ್ ಇಂಡಿಯಾದ ಹಾಳೆಯ ಬೆನ್ನು ಹತ್ತುತ್ತಾರೆ. ಇಂಚಿಗೆ ಒಂದು ಮೈಲಿಯ ಆ ಮಾಲಿಕೆಯಲ್ಲಿ ಬಾಗಲಕೋಟೆಯ ಹಾಳೆಯ ಸಂಖ್ಯೆ 47 ಪಿ/12. ಹಳ್ಳ, ಗುಡ್ಡ, ಗುಡಿ, ಬಂಡಿ ದಾರಿ ಎಲ್ಲವೂ ಅದರಲ್ಲಿವೆ. ಮರುಮುದ್ರಿಸಿ ಚೌಕಟ್ಟು ಹಾಕಿಸಿದರೆ ಪಡಸಾಲೆಗೆ ಶೋಭೆ. ಆದರೆ ಮುತ್ಯಾನ ಹೊಲ ಅದರಲ್ಲಿ ಸಿಗುವುದಿಲ್ಲ, ಏಕೆಂದರೆ ಹೊಲದ ಗಡಿಗಳೇ ಇಲ್ಲ.

ನಮ್ಮ ಹೊಲಗಳು ಘಟಪ್ರಭೆಯ ದಡದಲ್ಲಿದ್ದವು, ಈಗ ಆಲಮಟ್ಟಿ ಹಿನ್ನೀರಿನ ಅಡಿಯಲ್ಲಿವೆ. ಹೊಲ ಎಲ್ಲಿತ್ತು ಎಂದು ಕೇಳಿದರೆ ಕಾಕಾ ಒಂದು ದಿಕ್ಕು ತೋರಿಸಿದರೆ ದೊಡ್ಡಪ್ಪ ಇನ್ನೊಂದು ತೋರಿಸುತ್ತಿದ್ದರು. ಹೀಗಾಗಿ ನಾನು ಹಿಡಿದದ್ದು ಗ್ರಾಮ ನಕಾಶೆ, ಅಂದರೆ ಊರಿನ ಹೊಲಗಳ ಗಡಿ ಮತ್ತು ಸರ್ವೆ ನಂಬರು ತೋರಿಸುವ ನಕ್ಷೆ. ಇದರ ಅಳತೆ 1:7920, ಅಂದರೆ ಮೈಲಿಗೆ ಎಂಟು ಇಂಚು. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ಇಳಿಸಿಕೊಳ್ಳಬಹುದು.

ಅದನ್ನು ಮುದ್ರಿಸುವುದರಲ್ಲೇ ಅರ್ಧ ಕೆಲಸವಿದೆ. ಕಟ್ಟಡದ ಪ್ಲಾನ್ ಮುದ್ರಿಸುವ ಅಂಗಡಿಗೆ ಹೋಗಿ, ಹಾಳೆಗೆ ತಕ್ಕಂತೆ ಕುಗ್ಗಿಸದೆ ಮೂಲ ಅಳತೆಯಲ್ಲೇ ಕೊಡಿ ಎಂದು ಪಟ್ಟು ಹಿಡಿಯಬೇಕು. ಅಳತೆ ಸರಿಯಾಗಿದೆಯೇ ಎಂದು ನೋಡಲು ಹಳೆಯ ಮೋಜಣಿಯ (ಭೂ ಅಳತೆಯ) ಲೆಕ್ಕವೇ ಸಾಕು. ಆಗ ನಮ್ಮ ಭಾಗ ಸೇರಿದ್ದ ಮುಂಬೈ ಪ್ರಾಂತದ ಮೋಜಣಿದಾರರು ಬಳಸಿದ್ದು 33 ಅಡಿಯ ಸರಪಳಿ, ಅದರಲ್ಲಿ ‘ಆಣೆ’ ಎಂಬ 16 ಸಮಭಾಗ. ಸರಪಳಿಯುದ್ದ, ಸರಪಳಿಯಗಲದ ನೆಲವೇ ಒಂದು ಗುಂಟೆ. ನಕಾಶೆಯಲ್ಲಿ ಇಂಚಿಗೆ 20 ಸರಪಳಿ; ಹಾಗಾಗಿ ಒಂದು ಚದರ ಇಂಚು ಎಂದರೆ 400 ಗುಂಟೆ, ಸರಿಯಾಗಿ 10 ಎಕರೆ. ನಾನು ಬಟರ್ ಪೇಪರಿನ ಮೇಲೆ ಕಾಲಿಂಚಿನ ಚೌಕ ಎಳೆದುಕೊಂಡೆ. ಪ್ರತಿ ಚೌಕಕ್ಕೆ 25 ಗುಂಟೆ. ಅದನ್ನು ಒಂದು ಸರ್ವೆ ನಂಬರಿನ ಮೇಲಿಟ್ಟು ಚೌಕ ಎಣಿಸಿ, ಆಕಾರಬಂದಿನಲ್ಲಿ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿಯಲ್ಲಿ) ಇರುವ ಕ್ಷೇತ್ರಕ್ಕೆ ತಾಳೆ ನೋಡಬೇಕು. ಬಹಳ ಅಂತರ ಬಂದರೆ ಆ ಪ್ರತಿಯನ್ನು ನಂಬಬೇಡಿ. ಎಷ್ಟು ಸುಂದರವಾದ ಲೆಕ್ಕ!

ಮುಂದಿನದು ಕಾಗದಗಳ ಕೆಲಸ. ಉತಾರದಿಂದ (ಜಮೀನಿನ ದಾಖಲೆಯ ಪ್ರತಿಯಿಂದ) ಸರ್ವೆ ನಂಬರು, ಅಲ್ಲಿಂದ ಹಳೆಯ ಕೈಬರಹದ ಪಹಣಿ, ಅಲ್ಲಿಂದ ವಾರಸುದಾರರ ಹೆಸರು ಸೇರಿದ ವಾರಸಾ ನೋಂದಣಿ. ಹಿಸ್ಸೆಗಳು (ಒಂದು ನಂಬರಿನೊಳಗಿನ ಪಾಲುಗಳು) ಗ್ರಾಮ ನಕಾಶೆಯಲ್ಲಿ ಕಾಣದಿದ್ದರೆ, ಆ ಪಾಲುಗಳ ಅಳತೆ ತೋರಿಸುವ ಹಿಸ್ಸಾ ಟಿಪ್ಪಣಿಯ ನಕಲಿಗೆ ಅರ್ಜಿ ಕೊಡಬೇಕು. ನಮ್ಮದರಲ್ಲಿ ಒಂದೇ ನಂಬರು ಉದ್ದುದ್ದ ಪಟ್ಟಿಗಳಾಗಿ ಹೊಳೆಯವರೆಗೆ ಸೀಳಿದೆ. ಅಣ್ಣತಮ್ಮಂದಿರು ಹೊಳೆಸಾಲಿನ ಮಣ್ಣನ್ನು ಒಬ್ಬರಿಗೇ ಬಿಟ್ಟುಕೊಟ್ಟಿಲ್ಲ ಎಂಬುದು ಆ ಗೆರೆಗಳಲ್ಲೇ ತಿಳಿಯುತ್ತದೆ. ವಾಟಣಿ (ಆಸ್ತಿ ಪಾಲು) ಜಗಳದ ಕಥೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ನೀರಿನಡಿಯ ಜಾಗವನ್ನು ಗುರುತಿಸಲು ನಕಾಶೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ಮೂರು ಊರುಗಳ ಗಡಿ ಸೇರುವ ಕಲ್ಲು, ಗುಡಿ, ಹಳೆಯ ಬಾವಿ ಹೀಗೆ ನೀರಿನ ಮೇಲೆ ಉಳಿದ ಗುರುತುಗಳೇ ಆಧಾರ. ಹೊಳೆಯ ದಂಡೆಯನ್ನು ಆಧಾರವಾಗಿ ಹಿಡಿಯಬಾರದು, ಅದು ಸರಿದಾಡುತ್ತದೆ. ಎಲ್ಲ ಗುರುತುಗಳೂ ಒಂದೇ ದಡದಲ್ಲಿದ್ದರೆ ನಕ್ಷೆ ಇನ್ನೊಂದು ತುದಿಯಲ್ಲಿ ವಾಲುತ್ತದೆ. ಅದಕ್ಕೇ ಆಚೆ ದಡದ ಊರಿನ ನಕಾಶೆಯನ್ನೂ ಜೋಡಿಸಿದೆ. ಜಲಾಶಯ ತುಂಬಿದಾಗ ನೀರು ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ತೆಗೆದ ಉಪಗ್ರಹ ಚಿತ್ರ ಸಿಕ್ಕರೆ ಹಳೆಯ ಬದುಗಳು ತಾವಾಗಿಯೇ ಕಾಣಿಸುತ್ತವೆ.

ಹಳೆಯ ಕಾಗದ ಹುಡುಕುವವರಿಗೆ ಇನ್ನೊಂದು ಮಾತು. 1885ರಲ್ಲಿ ಜಿಲ್ಲಾ ಕೇಂದ್ರ ವಿಜಯಪುರಕ್ಕೆ (ಆಗಿನ ಬಿಜಾಪುರ) ಹೋಗುವವರೆಗೆ ನಮ್ಮ ಭಾಗ ಕಲಾದಗಿ ಜಿಲ್ಲೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಕಚೇರಿಯಲ್ಲಿ ಈ ಮೂರೂ ಹೆಸರು ಹೇಳಿ ಕೇಳಿ.