ರಂಗದ ಮೇಲಿಂದ ಟಿವಿ ಬರವಣಿಗೆಗೆ: ಮಿಕೇಲಾ ಕೋಲ್ ಹಿಡಿದ ದಾರಿ

ನಾಟಕದಲ್ಲಿ ವರ್ಷಗಟ್ಟಲೆ ಪಾತ್ರ ಮಾಡಿದ್ದೀರಿ, ಸಿಗುವುದೆಲ್ಲ ಅಮ್ಮ, ಅತ್ತಿಗೆ, ಅಳುವ ಹೆಂಡತಿ. ನಾನೇ ಯಾಕೆ ಬರೆಯಬಾರದು ಅನಿಸುತ್ತಿದೆ, ಅಲ್ವಾ? ಬರೆಯಿರಿ. ಆದರೆ ಸೀದಾ ಸೀರಿಯಲ್ ಕಥೆ ಹಿಡಿದುಕೊಂಡು ಚಾನೆಲ್ ಬಾಗಿಲಿಗೆ ಹೋಗಬೇಡಿ. ಮೊದಲು ಒಂದು ಪಾತ್ರ ಹುಟ್ಟಿಸಿ, ಅದನ್ನು ಜನರ ಮುಂದೆ ನೀವೇ ಆಡಿ.

ಲಂಡನ್ನಿನ ನಟಿ, ಬರಹಗಾರ್ತಿ ಮಿಕೇಲಾ ಕೋಲ್ ಮಾಡಿದ್ದು ಇದನ್ನೇ. ಘಾನಾ ಮೂಲದ ಕುಟುಂಬದ ಹುಡುಗಿ. ಮೊದಲು ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್‌ಗಳಲ್ಲಿ ಕವಿತೆ ಓದುತ್ತಿದ್ದರು, ಆಮೇಲೆ ಗಿಲ್ಡ್‌ಹಾಲ್ ನಟನಾ ಶಾಲೆ ಸೇರಿದರು. ಅಲ್ಲಿನ ಕೊನೆಯ ವರ್ಷದ ಕೆಲಸವಾಗಿ ಶುರುವಾದ 'ಚ್ಯೂಯಿಂಗ್ ಗಮ್ ಡ್ರೀಮ್ಸ್' ಎಂಬ ಏಕವ್ಯಕ್ತಿ ನಾಟಕ 2012ರಲ್ಲಿ ಹ್ಯಾಕ್ನಿ ವಿಕ್‌ನ ಯಾರ್ಡ್ ಥಿಯೇಟರ್‌ಗೆ ಬಂತು. ಹಳೆಯ ಗೋದಾಮನ್ನೇ ರಂಗಮಂದಿರ ಮಾಡಿಕೊಂಡ ಜಾಗ ಅದು. ಬರೆದವರೂ ಅವರೇ, ಎಲ್ಲ ಪಾತ್ರ ಆಡಿದವರೂ ಅವರೇ. 2014ರಲ್ಲಿ ಅದೇ ನಾಟಕ ನ್ಯಾಷನಲ್ ಥಿಯೇಟರ್‌ಗೆ ಹೋಯಿತು, 2015ರಲ್ಲಿ ಬ್ರಿಟನ್ನಿನ ಇ4 ಚಾನೆಲ್ಲಿನಲ್ಲಿ ಹಾಸ್ಯ ಧಾರಾವಾಹಿಯಾಯಿತು.

ನೀವು ಹತ್ತು ನಿಮಿಷದ್ದು ಬರೆದರೆ ಸಾಕು. ಇನ್ನೊಬ್ಬ ಬ್ರಿಟಿಷ್ ನಟಿ-ಬರಹಗಾರ್ತಿ ಫೀಬಿ ವಾಲರ್-ಬ್ರಿಜ್ ಅವರ ಟಿವಿ ಸರಣಿ 'ಫ್ಲೀಬ್ಯಾಗ್' ಕೂಡ ಹತ್ತು ನಿಮಿಷದ ತುಣುಕಾಗಿಯೇ ಶುರುವಾಗಿದ್ದು. ಒಬ್ಬಳೇ ನಟಿ, ಒಂದು ಕುರ್ಚಿ, ಖರ್ಚು ಕಡಿಮೆ. ಗೆಳೆಯರ ಮನೆಯ ಹಾಲ್ ಆದರೂ ಆಗುತ್ತೆ. ಮೊಬೈಲ್‌ನಲ್ಲಿ ಪೂರ್ತಿ ಆಡಿಯೋ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಕೇಳುವಾಗ ನಿಮ್ಮ ದನಿಗಿಂತ ಪ್ರೇಕ್ಷಕರ ಸದ್ದನ್ನು ಜಾಸ್ತಿ ಗಮನಿಸಿ. ನಕ್ಕಿದ್ದೆಲ್ಲಿ, ಕೆಮ್ಮಿದ್ದೆಲ್ಲಿ, ಕುರ್ಚಿ ಕಿರುಗುಟ್ಟಿದ್ದೆಲ್ಲಿ ಅಂತ ಗುರುತು ಹಾಕಿಕೊಂಡು, ಕೆಮ್ಮು ಬಂದ ಜಾಗದ ಎರಡು ಸಾಲು ಮೇಲಿನಿಂದಲೇ ಕತ್ತರಿ ಹಾಕಿ. ಬೇಸರ ಶುರುವಾಗಿರುವುದು ಅಲ್ಲಿಂದ. ನಟಿಯಾದ ನಿಮಗೆ ಇದು ಮೈಯಲ್ಲೇ ಗೊತ್ತಿರುತ್ತದೆ, ಬರೀ ಬರಹಗಾರರಿಗೆ ಅಷ್ಟು ಸುಲಭವಲ್ಲ.

ಟಿವಿಗೆ ತರುವಾಗ ನಾಟಕವನ್ನು ಹಾಗೇ ಎತ್ತಿಕೊಂಡು ಹೋಗುವ ಆಸೆ ಬಿಡಿ. ಕೋಲ್ ಅವರ ಕಥಾನಾಯಕಿ ಟ್ರೇಸಿಗೆ ನಾಟಕದಲ್ಲಿ 14 ವರ್ಷ, ಟಿವಿಯಲ್ಲಿ 24. ವಯಸ್ಸು ಬದಲಾದರೆ ಅವಳ ಕೆಲಸ, ಮನೆ, ಆಸೆ ಎಲ್ಲ ಬದಲಾಗುತ್ತದೆ. ಉಳಿಸಿಕೊಂಡಿದ್ದು ಅವಳ ಬಾಯಿ ಮತ್ತು ಎದುರಿಗಿದ್ದವರ ಜೊತೆ ನೇರವಾಗಿ ಮಾತಾಡುವ ಚಾಳಿ. ಪ್ರೇಕ್ಷಕರ ಜಾಗದಲ್ಲಿ ಕ್ಯಾಮೆರಾ ಬಂತು, ಅಷ್ಟೇ. ಇನ್ನೊಂದು, ರಂಗದ ಮೇಲೆ "ಬಸ್‌ನಲ್ಲಿ ಅವನು ನನ್ನ ಪಕ್ಕ ಕೂರಲೇ ಇಲ್ಲ" ಅಂತ ಹೇಳಿದರೆ ನಡೆಯುತ್ತದೆ. ಟಿವಿಗೆ ಆ ಮಾತನ್ನೇ ಹೊಡೆದು ಹಾಕಿ. ಅವಳು ಸೀಟಿನ ಮೇಲಿದ್ದ ಬ್ಯಾಗನ್ನು ತೊಡೆಗೆ ಎಳೆದುಕೊಳ್ಳುತ್ತಾಳೆ, ಅವನು ಹಿಂದಿನ ಸೀಟಿಗೆ ಹೋಗುತ್ತಾನೆ, ಬ್ಯಾಗ್ ಮತ್ತೆ ಸೀಟಿಗೆ. ಸಂಭಾಷಣೆ ಸೊನ್ನೆ.

ತಿದ್ದುವುದಕ್ಕೆ ಬೇಜಾರಾದರೆ ಒಂದು ಸಂಖ್ಯೆ ನೆನಪಿಡಿ. 'ಐ ಮೇ ಡಿಸ್ಟ್ರಾಯ್ ಯು' ಸರಣಿಗೆ ಕೋಲ್ ಬರೆದಿದ್ದು 191 ಕರಡು. 2021ರಲ್ಲಿ ಅದರ ಬರವಣಿಗೆಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು. ಆದರೆ ನನಗೆ ಪ್ರಶಸ್ತಿಗಿಂತ ದೊಡ್ಡದು ಅನಿಸುವುದು ಅದಕ್ಕೂ ಮುಂಚೆ ನಡೆದದ್ದು. ನೆಟ್‌ಫ್ಲಿಕ್ಸ್ ಈ ಸರಣಿಗೆ 10 ಲಕ್ಷ ಡಾಲರ್ ಕೊಡುತ್ತೇವೆ ಎಂದಿತು, ಅದರ ಹಕ್ಕುಸ್ವಾಮ್ಯದಲ್ಲಿ ಮಾತ್ರ ಪಾಲಿಲ್ಲ. ಕೋಲ್ ಶೇ. 5 ಕೇಳಿದರು. ಆಗಲ್ಲ ಅಂದಾಗ ಶೇ. 2, ಶೇ. 1, ಕೊನೆಗೆ ಶೇ. ಅರ್ಧಕ್ಕೂ ಇಳಿದರು. ಅದೂ ಆಗಲಿಲ್ಲ. ಎದ್ದು ಬಂದು ಬಿಬಿಸಿಯಲ್ಲಿ ಮಾಡಿದರು, ಹಕ್ಕು ಉಳಿಸಿಕೊಂಡು.

ನಮ್ಮಲ್ಲಿ ಡೈಲಿ ಸೀರಿಯಲ್‌ಗೆ ಕಥೆ, ಚಿತ್ರಕಥೆ, ಸಂಭಾಷಣೆ ಬೇರೆ ಬೇರೆಯವರು ಬರೆಯುವುದೇ ಹೆಚ್ಚು, ಹೊಸಬರಿಗೆ ಸುಲಭವಾಗಿ ತೆರೆಯುವ ಬಾಗಿಲು ಸಂಭಾಷಣೆಯದು. ಹೋಗಿ, ದಿನಾ ಬರೆದು ಕೈ ಪಳಗುತ್ತದೆ, ದುಡ್ಡೂ ಬರುತ್ತದೆ. ನೀವು ಹುಟ್ಟಿಸಿದ ಆ ಪಾತ್ರವನ್ನು ಮಾತ್ರ ಯಾವುದೋ ಎಪಿಸೋಡ್ ತುಂಬಿಸಲು ಸುಮ್ನೆ ಖರ್ಚು ಮಾಡಬೇಡಿ. ಅವಳನ್ನು ಕೊಡುವುದಾದರೆ ಕರಾರಿನಲ್ಲಿ ಅವಧಿ, ಪ್ರದೇಶ, ಸಂಭಾವನೆ ಮೂರೂ ಬರೆಸಿ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು ಅನ್ನುತ್ತದೆ ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಹಾಗಾಗಿ ಕರಾರಿನಲ್ಲಿ "ಶಾಶ್ವತವಾಗಿ", "ಜಗತ್ತಿನಾದ್ಯಂತ" ಎಂಬ ಪದಗಳು ಎಲ್ಲಿ ಕೂತಿವೆ ಅಂತ ಮೊದಲು ಹುಡುಕಿ. ಸೆಟ್‌ನಲ್ಲಿ ನಿಂತುಕೊಂಡೇ ಸಹಿ ಹಾಕಬೇಡಿ, ಪೇಪರ್ ಮನೆಗೆ ತಂದು ವಕೀಲರೊಬ್ಬರಿಗೆ ತೋರಿಸಿ.