ಒಂಬತ್ತು ಡ್ರೈವ್‌ಗಳನ್ನು ಈಥರ್ನೆಟ್‌ಗೆ ಕಟ್ಟಿದ್ದು: ನನ್ನ ಅನುಭವ

“ಹಲ್ಲರ್ ಸ್ಟಾರ್ಟ್ ಆಗ್ಲಿ ತಮ್ಮಾ, ನಿನ್ನ ನೆಟ್‌ವರ್ಕ್ ಅಲ್ಲೇ ಮಲಗುತ್ತೆ” ಎಂದು ಹಿರಿಯ ಪ್ಯಾನಲ್ ಮೇಸ್ತ್ರಿಗಳು ಮೊದಲೇ ಹೇಳಿದ್ದರು. ಹಲ್ಲರ್ ಎಂದರೆ ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ. ಮೊದಲ ವಾರ ಹಾಗೇ ಆಯಿತು. ಆದರೆ ಈಗ ಎರಡು ಸೀಸನ್ ಮುಗಿದಿದೆ. ಚಿಕ್ಕಮಗಳೂರಿನ ಆ ಕಾಫಿ ಕ್ಯೂರಿಂಗ್ ಘಟಕದಲ್ಲಿ ಒಂಬತ್ತೂ ಡ್ರೈವ್‌ಗಳು (ಮೋಟಾರ್‌ನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆಗಳು) ಮಾಡ್‌ಬಸ್ ಟಿಸಿಪಿ ಮೇಲೇ, ಅಂದರೆ ಈಥರ್ನೆಟ್ ಮೇಲೆ ಯಂತ್ರಗಳು ಮಾತಾಡುವ ಭಾಷೆಯಲ್ಲೇ, ಓಡುತ್ತಿವೆ.

ಮೊದಲು ಅಲ್ಲಿ 485 (ಎಲ್ಲಾ ಡ್ರೈವ್‌ಗೂ ಒಂದೇ ಸೀರಿಯಲ್ ವೈರ್) ಇತ್ತು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಎಲ್ಲಾ ಡ್ರೈವ್ ಒಂದು ಸುತ್ತು ಓದಿ ಬರೆಯಲು ಒಂದೂವರೆ ಸೆಕೆಂಡ್ ಹಿಡಿಯುತ್ತಿತ್ತು. ಒಂದು ಡ್ರೈವ್ ಆಫ್ ಆದರೆ ಅದರ ಉತ್ತರಕ್ಕೆ ಕಾದು ಉಳಿದವೂ ತಡ. ಕಾಫಿ ಮೇಲೆತ್ತುವ ಎಲಿವೇಟರ್ ಕಟ್ಟಿಕೊಂಡದ್ದು ಪಿಎಲ್‌ಸಿಗೆ (ಲೈನ್ ನಡೆಸುವ ಕಂಟ್ರೋಲರ್‌ಗೆ) ಗೊತ್ತಾಗುವಷ್ಟರಲ್ಲಿ ಫೀಡರ್ ಇನ್ನಷ್ಟು ಚೆರಿ (ಒಣಗಿದ ಕಾಫಿ ಹಣ್ಣು) ಸುರಿದಿರುತ್ತಿತ್ತು.

ಡ್ರೈವ್‌ಗೆ ಹಾಕುವ ಈಥರ್ನೆಟ್ ಕಾರ್ಡ್ ಆಗ ತಲಾ 11-12 ಸಾವಿರ ಇತ್ತು. ಸ್ವಿಚ್, ಕೇಬಲ್ ಸೇರಿ ಒಂದೂಕಾಲು ಲಕ್ಷ ಆಗುತ್ತದೆ ಎಂದು ಮಾಲೀಕರಿಗೆ ಹೇಳಿದ್ದೆ. ಒಂದೂವರೆ ಆಯಿತು. ಆ 25 ಸಾವಿರ ನನ್ನ ತಪ್ಪಿನ ಬೆಲೆ, ನಾನೇ ಹಾಕಿದೆ. ದುಡ್ಡು ಉಳಿಸೋಣ ಎಂದು ಶೀಲ್ಡ್ (ಲೋಹದ ಹೊದಿಕೆ) ಇಲ್ಲದ ಸಾದಾ ಕ್ಯಾಟ್ 5ಇ ಕೇಬಲನ್ನು ಮೋಟಾರ್ ಕೇಬಲ್ ಇದ್ದ ಟ್ರೇನಲ್ಲೇ ಎಳೆದಿದ್ದೆ. 30 ಎಚ್‌ಪಿ ಹಲ್ಲರ್ ಎದ್ದ ಕೂಡಲೇ ಅದರ ವಿದ್ಯುತ್ ಗದ್ದಲಕ್ಕೆ ಮೂರು ಡ್ರೈವ್ ನೆಟ್‌ವರ್ಕ್‌ನಿಂದ ಕಾಣೆಯಾಗುತ್ತಿದ್ದವು. ಎಲ್ಲಾ ಕಿತ್ತು ಶೀಲ್ಡ್ ಕೇಬಲ್ ಹಾಕಿದೆ, ಟ್ರೇ ಬೇರೆ ಮಾಡಿದೆ. ಮೋಟಾರ್ ಕೇಬಲ್ ದಾಟಲೇಬೇಕಾದ ಕಡೆ 90 ಡಿಗ್ರಿಯಲ್ಲಿ ಅಡ್ಡಲಾಗಿ ದಾಟಿಸಿದೆ. ಹಲ್ಲರ್ ಮೋಟಾರ್‌ಗೂ ಶೀಲ್ಡ್ ಕೇಬಲ್ ಕೊಟ್ಟು, ಶೀಲ್ಡನ್ನು ಬಾಲದಂತೆ ತಿರುಚಿ ಕಟ್ಟದೆ ಸುತ್ತಲೂ ಕ್ಲ್ಯಾಂಪ್‌ನಿಂದ ಪ್ಲೇಟ್‌ಗೆ ಒತ್ತಿದೆ. ಆ ಸಂಜೆ ಹಲ್ಲರನ್ನು ಇಪ್ಪತ್ತು ಸಲ ಸ್ಟಾರ್ಟ್ ಮಾಡಿ ನೋಡಿದೆವು. ಒಂದು ಡ್ರೈವೂ ಬೀಳಲಿಲ್ಲ.

ನಡುವೆ ಅರ್ಧ ದಿನ ವೈಫೈ ಕೂಡ ಹಾಕಿ ನೋಡಿದೆ. ತಗಡಿನ ಶೆಡ್‌ನಲ್ಲಿ ಆಗಾಗ ನಿಂತು ಹೋಗುತ್ತಿತ್ತು. ರೀಡಿಂಗ್ ನೋಡಲು ಸರಿ, ಮೋಟಾರ್ ಓಡಿಸಲು ಬೇಡ.

ಇನ್ನೊಂದು ದಿನ ರಿಜಿಸ್ಟರ್ (ಡ್ರೈವ್‌ನೊಳಗೆ ಒಂದೊಂದು ಮಾಹಿತಿ ಕೂರುವ ಮನೆ) ನಂಬರಿನಲ್ಲಿ ಹೋಯಿತು. ಮ್ಯಾನುಯಲ್‌ನ 40001 ನನ್ನ ಪಿಎಲ್‌ಸಿಗೆ 0. ಒಂದು ಮನೆ ಆಚೀಚೆ ಆಗಿ ಸ್ಪೀಡ್ ಹೋಗಿ ಕಂಟ್ರೋಲ್ ವರ್ಡ್‌ನಲ್ಲಿ (ಓಡು, ನಿಲ್ಲು ಎಂಬ ಆದೇಶದ ಮನೆಯಲ್ಲಿ) ಕೂರುತ್ತಿತ್ತು. ಅದು ಸರಿಯಾದ ಮೇಲೂ ಡ್ರೈವ್ ಏಳಲಿಲ್ಲ. ಈ ಡ್ರೈವ್‌ನ ಕಂಟ್ರೋಲ್ ವರ್ಡ್‌ಗೆ ಮೊದಲು 1150 ಕಳಿಸಿ, ಆಮೇಲೆ 1151 ಕಳಿಸಬೇಕು. ನೇರ 1151 ಕೊಟ್ಟರೆ ಕದಲುವುದಿಲ್ಲ.

ನನಗೆ ನಿಜಕ್ಕೂ ಭಯ ಆಗಿದ್ದು ಜನವರಿಯ ಒಂದು ರಾತ್ರಿ. ಸ್ವಿಚ್‌ನ ಪವರ್ ಸಪ್ಲೈ ಸುಟ್ಟಿತು. ಡ್ರೈವ್‌ಗಳಲ್ಲಿ ಸಂಪರ್ಕ ತಪ್ಪಿದರೆ ‘ಏನೂ ಮಾಡಬೇಡ’ ಎಂಬ ಸೆಟ್ಟಿಂಗ್ ಹಾಗೇ ಉಳಿದಿತ್ತು, ನಾನು ನೋಡಿರಲಿಲ್ಲ. ಎಲ್ಲವೂ ಹಳೇ ಸ್ಪೀಡಿನಲ್ಲೇ ಓಡಿದವು. ಎಲಿವೇಟರ್ ಓವರ್‌ಲೋಡ್ ಆಗಿ ನಿಂತರೂ ಫೀಡರ್ ಸುರಿಯುತ್ತಲೇ ಇತ್ತು. ಆರೇಳು ಮೂಟೆ ಕಾಫಿ ನೆಲಕ್ಕೆ ಬಿತ್ತು. ಎಲಿವೇಟರ್‌ನ ಬುಡ ಬಿಚ್ಚಿ ತೆಗೆಯಲು ನಾಲ್ಕು ಜನಕ್ಕೆ ಎರಡು ಗಂಟೆ ಬೇಕಾಯಿತು. ಮರುದಿನವೇ ಎಲ್ಲದಕ್ಕೂ ಸಂಪರ್ಕ ತಪ್ಪಿದರೆ ಎರಡು ಸೆಕೆಂಡ್ ಕಾದು ಟ್ರಿಪ್ ಆಗಿ ನಿಲ್ಲುವಂತೆ ಮಾಡಿದೆ. ದಯವಿಟ್ಟು ಕೇಬಲ್ ಕಿತ್ತು ಪರೀಕ್ಷೆ ಮಾಡಿದ ಮೇಲೇ ಲೈನ್ ಬಿಟ್ಟುಕೊಡಿ. ಎಮರ್ಜೆನ್ಸಿ ಸ್ಟಾಪ್ ಮಾತ್ರ ಮೊದಲ ದಿನದಿಂದಲೂ ಬೇರೆ ವೈರ್‌ನಲ್ಲೇ ಇದೆ, ನೆಟ್‌ವರ್ಕ್‌ಗೆ ಕೊಟ್ಟಿಲ್ಲ.

ಈಗ ಒಂದು ಸುತ್ತು ಸುಮಾರು 100 ಮಿಲಿಸೆಕೆಂಡ್. ಪ್ರತಿ ಡ್ರೈವ್‌ಗೂ ಒಂದು ಕನೆಕ್ಷನ್ ತೆರೆದೇ ಇಟ್ಟಿದ್ದೇನೆ. ಮುಚ್ಚಿ ತೆರೆಯುತ್ತಿದ್ದರೆ ಕಾರ್ಡ್ ಹ್ಯಾಂಗ್ ಆಗುತ್ತಿತ್ತು. ಯಾವ ಡ್ರೈವನ್ನು ಎಷ್ಟು ಸಲಕ್ಕೊಮ್ಮೆ ಓದುತ್ತೇನೆ ಎಂಬ ಲೆಕ್ಕ ಮಾತ್ರ ನನ್ನಲ್ಲೇ ಇರಲಿ, ಅದಕ್ಕೆ ಒಂದು ತಿಂಗಳು ನಿದ್ದೆಗೆಟ್ಟಿದ್ದೇನೆ.

ಈ ವೇಗ ಸಿಕ್ಕಿದ್ದಕ್ಕೇ ಇನ್ನೊಂದು ಕೆಲಸ ಸಾಧ್ಯವಾಯಿತು. ಹಲ್ಲರ್ ಎಳೆಯುವ ಕರೆಂಟ್ ನೋಡಿಕೊಂಡು ಫೀಡರ್ ಸ್ಪೀಡ್ ತಾನೇ ಏರಿಳಿಯುತ್ತದೆ. 40 ಆಂಪಿಯರ್ ಮೋಟಾರ್, ಅರೇಬಿಕಾಗೆ 34ರ ಹತ್ತಿರ ಹಿಡಿದಿದ್ದೇನೆ. ಹಿಂದೆ ಒಬ್ಬ ಹುಡುಗ ಇಡೀ ಪಾಳಿ ಗೇಟ್ ತಿರುಗಿಸುತ್ತಾ ನಿಲ್ಲಬೇಕಿತ್ತು. ರೊಬಸ್ಟಾಗೆ 34 ಜಾಸ್ತಿ ಆಯಿತು, ಕಾಳು ಒಡೆಯುತ್ತಿತ್ತು. 31ಕ್ಕೆ ಇಳಿಸಿದ ಮೇಲೆ ಕಡಿಮೆಯಾಗಿದೆ. ಮುಂದಿನ ಸೀಸನ್‌ನಲ್ಲಿ 29 ಇಟ್ಟು ನೋಡಬೇಕು.