ಗ್ರೈಂಡರ್ ಕೆಳಗಿಡಿ, ಮೊದ್ಲು ಒಂದು ಗೈಡ್ ಹಲಗೆ ಮಾಡ್ಕೊಳ್ಳಿ

ನಮ್ಮ ಬೀದಿಯಲ್ಲಿ ಮೂರು ಜನ ಮನೇಲೇ ಮರಗೆಲಸ ಶುರು ಹಚ್ಕೊಂಡ್ರು, ಮೂರೂ ಜನರ ಬುಕ್ ಶೆಲ್ಫೂ ಕುಂಟ್ತಾ ಇತ್ತು. ಒಬ್ರು ಫೆವಿಕಾಲ್ ಸರಿ ಇಲ್ಲ ಅಂದ್ರು, ಇನ್ನೊಬ್ರು ನೆಲಾನೇ ಸಮ ಇಲ್ಲ ಅಂದ್ರು, ಹೋಗಿ ಮೂಲೆಮಟ್ಟ ಇಟ್ಟು ನೋಡಿದ್ರೆ ಪ್ಲೈ ಕೊಯ್ದಿರೋದೇ ಹಾವು ಹರಿದ ಹಾಗೆ. ಮಿಕ್ಕಿದ್ದೆಲ್ಲಾ ಆಮೇಲಿನ ಮಾತು, ಅದಕ್ಕೇ ಈ ಲೇಖನದಲ್ಲಿ ಮುಕ್ಕಾಲು ಭಾಗ ಬರೀ ಕೊಯ್ಯೋದೇ ಇದೆ.

ಮೊದಲು ಮಷೀನ್. ಕೈಯಲ್ಲಿ ಹಿಡಿಯೋ ಸರ್ಕ್ಯುಲರ್ ಸಾ, 185 ಮಿ.ಮೀ. ಬ್ಲೇಡಿನದು, ಜೊತೆಗೆ ಒಂದು ಡ್ರಿಲ್ ಮಷೀನ್, ಎರಡು ಜಿ ಕ್ಲಾಂಪ್. ಇಷ್ಟರಲ್ಲೇ ಶೆಲ್ಫು, ಟೇಬಲ್ಲು, ಟಿವಿ ಸ್ಟ್ಯಾಂಡು ಎಲ್ಲಾ ಆಗುತ್ತೆ. ಡ್ರಿಲ್ ಮೂತಿಗೇ ಸಿಕ್ಕಿಸೋ ಗರಗಸ, ಪಾಲಿಶ್ ಚಕ್ರ, ಅದು ಇದು ಸೇರಿಸಿ ಒಂದೇ ಡಬ್ಬೀಲಿ ಎಲ್ಲಾ ಕೆಲಸ ಅಂತ ಮಾರ್ತಾರಲ್ಲ, ನಾನೂ ಒಂದು ತಗೊಂಡಿದ್ದೆ, ಈಗ ಅಟ್ಟದ ಮೇಲಿದೆ. ಯಾವುದನ್ನೂ ನೆಟ್ಟಗೆ ಮಾಡಲ್ಲ.

ಇನ್ನು 4 ಇಂಚಿನ ಆಂಗಲ್ ಗ್ರೈಂಡರ್‌ಗೆ (ಕಬ್ಬಿಣ ಉಜ್ಜೋ, ಕೊಯ್ಯೋ ಕೈ ಮಷೀನ್) ಮರದ ಬ್ಲೇಡ್ ಹಾಕಿ ಪ್ಲೈ ಕೊಯ್ಯೋರಿಗೆ ಒಂದು ಮಾತು, ದಯವಿಟ್ಟು ಬೇಡ. ಅದು ನಿಮಿಷಕ್ಕೆ 11,000 ಸುತ್ತಿನ ಆಸುಪಾಸಲ್ಲಿ ತಿರುಗುತ್ತೆ, ಕೆಳಗೆ ಊರೋಕೆ ತಟ್ಟೆ ಇಲ್ಲ, ಹಲ್ಲು ಮರಕ್ಕೆ ಕಚ್ಚಿಕೊಂಡ ಕ್ಷಣ ಮಷೀನ್ ನಿಮ್ಮ ಕಡೆಗೇ ಹಾರುತ್ತೆ. ಆ ಮೂವರಲ್ಲಿ ಒಬ್ಬರ ಜೀನ್ಸ್ ಪ್ಯಾಂಟು ತೊಡೆ ಹತ್ರ ಒಂದು ಗೇಣು ಹರಿದಿತ್ತು, ಚರ್ಮಕ್ಕೆ ತಾಗಲಿಲ್ಲ ಅನ್ನೋದು ಅವರ ಪುಣ್ಯ. ಆಚಾರ್ರು ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಕೊಯ್ತಾರಲ್ಲ ಅಂತೀರಿ, ಕೊಯ್ತಾರೆ, ಅವರ ಕೈಗೆ ಇಪ್ಪತ್ತು ವರ್ಷದ ಅಭ್ಯಾಸ ಇದೆ, ನಮಗೆ ಇರೋದು ಭಾನುವಾರ ಮಾತ್ರ.

ಮಷೀನ್ ಜೊತೆ ಬರೋ ಬ್ಲೇಡ್ ಹೆಚ್ಚಾಗಿ 24 ಹಲ್ಲಿನದು, ಪ್ಲೈಗೆ ಅದು ಒರಟು. 40 ಹಲ್ಲಿನ ಟಿಸಿಟಿ (ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿರೋ) ಬ್ಲೇಡ್ ಬೇರೆ ತಗೊಳ್ಳಿ. 1200–1400 ವ್ಯಾಟಿನ ಮಷೀನ್ ಅಂದ್ರೆ 5–6 ಆಂಪ್ ಎಳೆಯುತ್ತೆ, ಸ್ಟಾರ್ಟ್ ಆಗೋವಾಗ ಇನ್ನೂ ಜಾಸ್ತಿ, ಹಾಗಾಗಿ ಮೊಬೈಲ್ ಚಾರ್ಜ್ ಮಾಡೋ ಪ್ಲಗ್ಗಿಗೆ ಹಾಕ್ಬೇಡಿ, ಗೀಸರ್ ಪ್ಲಗ್ಗಿನಂಥ 16 ಆಂಪ್ ಪಾಯಿಂಟೇ ಬೇಕು.

ಈಗ ಗೈಡ್ ಹಲಗೆ, ಅಂದ್ರೆ ಮಷೀನ್ ನೇರ ಓಡೋ ಹಾಗೆ ದಾರಿ ಹಿಡಿಸೋ ಹಲಗೆ. ಒಂದು ಸಲ ಮಾಡಿಟ್ಕೊಂಡ್ರೆ ವರ್ಷಗಟ್ಟಲೆ ಬರುತ್ತೆ. ನಾಲ್ಕೂವರೆ ಅಡಿ ಉದ್ದ, ಒಂದಡಿಗಿಂತ ಸ್ವಲ್ಪ ಜಾಸ್ತಿ ಅಗಲದ 9 ಮಿ.ಮೀ. ಪ್ಲೈ ತಗೊಳ್ಳಿ. ಅದರ ಮೇಲೆ ಎಡಗಡೆಗೆ, ಕ್ಲಾಂಪ್ ಹಾಕೋಕೆ ಮೂರು ಇಂಚು ಜಾಗ ಬಿಟ್ಟು, ಉದ್ದಕ್ಕೂ ಒಂದು 12 ಮಿ.ಮೀ. ಪ್ಲೈ ಪಟ್ಟಿ ಫೆವಿಕಾಲ್ ಹಾಕಿ ಕೂರಿಸಿ, ಕೆಳಗಿಂದ ಸಣ್ಣ ಸ್ಕ್ರೂ ಬಿಗಿಯಿರಿ. ಈ ಪಟ್ಟಿಯ ಬಲ ಅಂಚು ನೇರ ಇರಲೇಬೇಕು, ಅದೇ ಈ ಹಲಗೆಯ ಜೀವ. ಫ್ಯಾಕ್ಟರಿ ಅಂಚು ಅಂತ ನಂಬಿ ಕೂರಬೇಡಿ. ಅಂಟಿಸೋ ಮೊದಲೇ ಆ ಅಂಚು ಹಿಡ್ಕೊಂಡು ಪೆನ್ಸಿಲ್ ಗೆರೆ ಎಳೀರಿ, ಪಟ್ಟಿ ಮಗುಚಿ ಅದೇ ಅಂಚನ್ನ ಅದೇ ಗೆರೆಗೆ ತಂದು ಇನ್ನೊಂದ್ಸಲ ಎಳೀರಿ, ಎರಡು ಗೆರೆ ಮಧ್ಯ ಬಾಳೆಎಲೆ ಥರ ಹೊಟ್ಟೆ ಬಂದ್ರೆ ಆ ಪಟ್ಟಿ ಸೊಟ್ಟ, ಬೇರೆ ನೋಡ್ಕೊಳ್ಳಿ.

ಫೆವಿಕಾಲ್ ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಸರ್ಕ್ಯುಲರ್ ಸಾ ಮಷೀನಿನ ಅಡಿ ತಟ್ಟೆಯನ್ನ ಪಟ್ಟಿಗೆ ಒತ್ತಿ ಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಸಲ ಓಡಿಸಿ. ತಟ್ಟೆಯ ಅಗಲದ ಭಾಗ, ಅಂದ್ರೆ ಮೋಟರ್ ಇರೋ ಕಡೆ, ಹಲಗೆ ಮೇಲಿರಬೇಕು. ಬ್ಲೇಡ್ ಹಲಗೆಯ ಹೆಚ್ಚುವರಿ ಭಾಗ ಕೊಯ್ದು ಹಾಕುತ್ತೆ, ಉಳಿದ ಅಂಚು ಇದೆಯಲ್ಲ, ಅದೇ ಇನ್ಮುಂದೆ ನಿಮ್ಮ ಬ್ಲೇಡ್ ಹೋಗೋ ದಾರಿ, ಕೂದಲೆಳೆ ವ್ಯತ್ಯಾಸ ಇಲ್ಲದೆ. ದಪ್ಪ ಬೇರೆ ಇರೋ ಬ್ಲೇಡ್ ಹಾಕಿದ್ರೆ ಮಾತ್ರ ಈ ಲೆಕ್ಕ ತಪ್ಪುತ್ತೆ.

ಪ್ಲೈ 19 ಮಿ.ಮೀ. ತಗೊಳ್ಳಿ, ಒಳಗಡೆ ರೂಮಿಗೆ ಐಎಸ್ 303 (ಸಾಮಾನ್ಯ ಬಳಕೆಯ ಪ್ಲೈ) ಸಾಕು, ಅಡುಗೆಮನೆಗೆ ಐಎಸ್ 710 (ನೀರು ತಡೆಯೋ ಮೆರೈನ್ ಪ್ಲೈ). ಅಂಗಡಿಯಲ್ಲೇ 8x4 ಶೀಟನ್ನ ಮಧ್ಯಕ್ಕೆ ಎರಡು ಮಾಡಿಸ್ಕೊಳ್ಳಿ, ಸುಮಾರು 1220 ಮಿ.ಮೀ.ನ ಚೌಕ ಸಿಗುತ್ತೆ, ಲಿಫ್ಟಲ್ಲೂ ಹಿಡಿಯುತ್ತೆ. ಅಂಗಡಿಯವರು ಕೊಯ್ದ ಅಂಚನ್ನ ಮಾತ್ರ ನಂಬಬೇಡಿ, ಮನೇಲಿ ಒಂದೆಳೆ ತೆಗೆದು ನೇರ ಮಾಡ್ಕೊಳ್ಳಿ. ಒಂದು ಚೌಕದಲ್ಲಿ 250 ಮಿ.ಮೀ. ಅಗಲದ ನಾಲ್ಕು ಪಟ್ಟಿ ಬರುತ್ತೆ: ಎರಡರಲ್ಲಿ 750ರ ಒಂದೊಂದು ಪಕ್ಕದ ಹಲಗೆ, ಒಂದರಲ್ಲಿ 600ರ ಎರಡು ತಟ್ಟು (ಪುಸ್ತಕ ಇಡೋ ಅಡ್ಡ ಹಲಗೆ), ಇನ್ನೊಂದರಲ್ಲಿ ಒಂದು ತಟ್ಟು. ಶೆಲ್ಫಿಗೆ ಇಷ್ಟೇ.

ಎಲ್ಲರೂ ಎಡವೋದು ಇಲ್ಲಿ. ನಾಲ್ಕೂ ಗೆರೆ ಒಟ್ಟಿಗೆ ಹಾಕಿ ಒಂದಾದ ಮೇಲೊಂದು ಕೊಯ್ತಾರೆ. ಬ್ಲೇಡ್ ತಾನೂ ಸುಮಾರು 2 ಮಿ.ಮೀ. ತಿನ್ನುತ್ತೆ ಸ್ವಾಮಿ, ಆ 2 ಮಿ.ಮೀ. ಯಾರ ಪಾಲಿಂದ ಹೋಯ್ತು? ಒಂದು ಗೆರೆ ಹಾಕಿ, ಕೊಯ್ಯಿರಿ, ಆಮೇಲೆ ಮುಂದಿನದು ಅಳೀರಿ. ಗೆರೆ ಮೇಲೆ ಗೈಡ್ ಹಲಗೆ ಅಂಚು ಕೂರಿಸಿ, ಉಳಿಸ್ಕೊಳ್ಳೋ ತುಂಡು ಗೈಡ್ ಹಲಗೆ ಅಡಿಯಲ್ಲಿ, ಬ್ಲೇಡ್ ಆಚೆ ಕಡೆ.

ಶೀಟನ್ನ ಎರಡು ಸ್ಟೂಲ್ ಮೇಲೆ ಸೇತುವೆ ಥರ ಇಟ್ಟು ಕೊಯ್ಯಬೇಡಿ. ಮಧ್ಯ ಕೊಯ್ತಾ ಕೊಯ್ತಾ ಎರಡೂ ತುಂಡು ಒಳಕ್ಕೆ ಬಾಗಿ ಬ್ಲೇಡನ್ನ ಕಚ್ಕೊಳ್ಳುತ್ತೆ, ಮಷೀನ್ ಹಿಂದಕ್ಕೆ ಒದೆಯುತ್ತೆ. ನೆಲದ ಮೇಲೆ ನಾಲ್ಕು ರೀಪರ್ (ಮರದ ಪಟ್ಟಿ) ಹಾಕಿ, ಕೊಯ್ಯೋ ಗೆರೆಯ ಆಚೆ ಎರಡು ಈಚೆ ಎರಡು, ಅದರ ಮೇಲೆ ಶೀಟ್ ಮಲಗಿಸಿ, ಕೊಯ್ದ ಮೇಲೂ ಎರಡೂ ತುಂಡು ಮಲಗಿದ ಹಾಗೇ ಇರಬೇಕು. ನಾನು ಫ್ರಿಡ್ಜ್ ಡಬ್ಬದ ದಪ್ಪ ಥರ್ಮಾಕೋಲ್ ಹಾಸ್ತೀನಿ, ಬ್ಲೇಡ್ ಅದಕ್ಕೆ ಸ್ವಲ್ಪ ಇಳಿದ್ರೂ ಚಿಂತೆ ಇಲ್ಲ, ಆದ್ರೆ ಗುಡಿಸೋವಾಗ ಆ ಬಿಳಿ ಕಾಳು ಮೈಗೆಲ್ಲಾ ಅಂಟ್ಕೊಂಡು ಮನೆಯವರ ಹತ್ರ ಬೈಸ್ಕೊಳ್ಳೋದು ಗ್ಯಾರಂಟಿ. ಬ್ಲೇಡ್ ಆಳ ಎಷ್ಟು ಅಂದ್ರೆ, ಪ್ಲೈ 19, ಗೈಡ್ ಹಲಗೆ 9, ಮೇಲೆ ಒಂದು 5, ಒಟ್ಟು 33 ಮಿ.ಮೀ. ಪೂರ್ತಿ ಇಳಿಸಿ ಕೊಯ್ಯೋದು ಶೋಕಿ ಅಷ್ಟೇ.

ಚೆಂದದ ಮುಖ ಕೆಳಕ್ಕೆ. ಈ ಗರಗಸದ ಹಲ್ಲು ಕೆಳಗಿಂದ ಮೇಲಕ್ಕೆ ಕೊಯ್ಯುತ್ತೆ, ಸಿಬಿರು ಏಳೋದು ಮೇಲ್ಮುಖದಲ್ಲಿ.

ಗೈಡ್ ಹಲಗೆಯನ್ನ ಶೀಟಿಗೆ ಕ್ಲಾಂಪಲ್ಲಿ ಬಿಗಿದಾದ ಮೇಲೆ ಪ್ಲಗ್ ಹಾಕದೆ, ಬ್ಲೇಡನ್ನ ಪೂರ್ತಿ ಮೇಲಕ್ಕೆತ್ತಿ ಒಂದ್ಸಲ ಮಷೀನನ್ನ ಕೊನೆವರೆಗೂ ತಳ್ಳಿ ನೋಡಿ, ಆಮೇಲೆ ಆಳ ಸೆಟ್ ಮಾಡಿ. ನಾನು ಮೊದಲನೇ ಸಲ ಇದನ್ನ ಬಿಟ್ಟಿದ್ದೆ, ಅರ್ಧ ಕೊಯ್ದಾಗ ಮೋಟರ್ ಹೋಗಿ ಕ್ಲಾಂಪಿಗೆ ಟಪ್ ಅಂತ ಬಡೀತು, ಸಾ ಒಂದು ಕ್ಷಣ ಓರೆಯಾಯ್ತು, ಆ ತಟ್ಟಿನಲ್ಲಿ ಇವತ್ತಿಗೂ ಒಂದು ಸಣ್ಣ ಮೆಟ್ಟಿಲಿದೆ, ಗೋಡೆ ಕಡೆ ತಿರುಗಿಸಿಟ್ಟಿದೀನಿ.

ಮಷೀನ್ ಆನ್ ಮಾಡಿ, ಪೂರ್ತಿ ಸ್ಪೀಡ್ ಬರೋ ತನಕ ಬ್ಲೇಡ್ ಮರಕ್ಕೆ ತಾಗಿಸಬೇಡಿ. ಆಮೇಲೆ ಪಟ್ಟಿಗೆ ಒತ್ತಿಕೊಂಡು ನಿಧಾನಕ್ಕೆ, ನಿಲ್ಲಿಸದೆ ತಳ್ಳಿ. ಸದ್ದು ಭಾರ ಆದ್ರೆ ಜೋರು ಮಾಡ್ತಿದೀರಿ ಅಂತ, ಸುಟ್ಟ ವಾಸನೆ ಬಂದ್ರೆ ಬ್ಲೇಡ್ ಮೊಂಡಾಗಿದೆ ಅಂತ, ಇಲ್ಲಾ ತೀರಾ ನಿಧಾನ. ಮಷೀನಿನ ಹಿಂದೆ ನೇರವಾಗಿ ನಿಲ್ಲಬೇಡಿ, ಒಂದು ಪಕ್ಕಕ್ಕೆ ಇರಿ. ವೈರ್ ಹೆಗಲ ಮೇಲಿಂದ ಹಿಂದಕ್ಕೆ. ಲುಂಗಿ, ಕೈಗವಸು ಎರಡೂ ಬೇಡ. ಕನ್ನಡಕ ಬೇಕು, ಎನ್95 ಮಾಸ್ಕ್ ಬೇಕು, ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಯಲ್ಲಿ ಮರದ ಧೂಳೂ ಇದೆ, ಪ್ಲೈಯಲ್ಲಿ ಅಂಟಿನ ಧೂಳು ಬೇರೆ.

ಉದ್ದ ಕತ್ತರಿಸೋವಾಗ ಎರಡು ಪಕ್ಕದ ಹಲಗೇನೂ ಒಂದರ ಮೇಲೊಂದಿಟ್ಟು, ಆಳ ಇನ್ನೊಂದು 19 ಏರಿಸಿ ಒಂದೇ ಸಲ ಕೊಯ್ಯಿರಿ. 750ರ ಬದಲು 748 ಬಂದ್ರೂ ಪರವಾಗಿಲ್ಲ, ಎರಡೂ 748 ಬಂದ್ರೆ ಸಾಕು.

ಜೋಡಿಸೋದು ಸುಲಭ. 3 ಮಿ.ಮೀ. ಬಿಟ್‌ನಲ್ಲಿ ತೂತು ಹೊಡೆದು, ಫೆವಿಕಾಲ್ ಹಚ್ಚಿ, 50 ಮಿ.ಮೀ. ಸ್ಕ್ರೂ ಹಾಕಿ. ತೂತಿಲ್ಲದೆ ನೇರ ಬಿಗಿದ್ರೆ ಪ್ಲೈ ಅಂಚು ಪದರ ಪದರವಾಗಿ ಬಾಯಿ ಬಿಡುತ್ತೆ. ಜಿಪ್ಸಮ್ ಕೆಲಸದ ಕಪ್ಪು ಸ್ಕ್ರೂ ಅಗ್ಗ ಅಂತ ಹಾಕ್ಬೇಡಿ, ತಲೆ ಪಟ್ ಅಂತ ಮುರಿದು ಒಳಗೇ ಉಳಿಯುತ್ತೆ. ಅಂಟು ಒಣಗೋ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡೀರಿ, ಎರಡೂ ಅಳತೆ ಒಂದೇ ಬರೋ ತನಕ ಉದ್ದ ಬಂದ ಕಡೆಯಿಂದ ಒತ್ತಿ, ಹಿಂದುಗಡೆ 6 ಮಿ.ಮೀ. ಪ್ಲೈ ಹೊಡೆದುಬಿಡಿ.

ಶೀಟಿನಲ್ಲಿ ಕೊನೆಗೆ ಇನ್ನೂ ಒಂದು ಗೇಣಗಲದ ಪಟ್ಟಿ ಮಿಗುತ್ತೆ, ಎಸೀಬೇಡಿ. ಅದರಿಂದ ಮೂರು ಇಂಚು ಕೊಯ್ದು ಶೆಲ್ಫಿನ ಅಡಿಗೆ ಪೀಠ ಮಾಡಿ ಹಾಕಿದ್ರೆ ನೆಲ ಒರೆಸೋ ನೀರು ಶೆಲ್ಫಿನ ಹಲಗೆಗೆ ತಾಗಲ್ಲ.